ಟೀಮ್ ಲೀಡ್ ಆದೆ, ಜೊತೆಯವರಿಗೆ ಕೆಲಸ ಹೇಳೋದು ಹೇಗೆ?

ಪ್ರಶ್ನೆ: ಪ್ರಮೋಷನ್ ಆಯ್ತು. ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿದ್ದವರಿಗೆ ಈಗ ನಾನೇ ಕೆಲಸ ಹಂಚಬೇಕು. ಯಾರಾದರೂ ತಡ ಮಾಡಿದರೆ ಕೇಳೋಕೆ ಮುಜುಗರ, ನಾನೇ ಮುಗಿಸಿಬಿಡೋಣ ಅನ್ನಿಸುತ್ತದೆ.

ಉತ್ತರ 1: ಬೇಡ. ನೀವೇ ಮುಗಿಸಿಕೊಟ್ಟರೆ ಅವರು ಕಲಿಯೋದು ಯಾವಾಗ? ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆಯೂ ಅರ್ಧ ಗಂಟೆ ಕೂತು, ಮೊದಲು ಸುಮ್ನೆ ಕೇಳಿಸಿಕೊಳ್ಳಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಅವರೇ ಹೇಳುತ್ತಾರೆ.

ಉತ್ತರ 2: ಕೆಲಸ ಕೊಡುವಾಗಲೇ "ಗುರುವಾರ ಸಂಜೆ ಮೊದಲ ಕರಡು ನೋಡೋಣ" ಅಂದುಬಿಡಿ. ಆಮೇಲೆ ಕೇಳಿದರೆ ಬೈದ ಹಾಗೆ ಅನ್ನಿಸೋದಿಲ್ಲ. ತಪ್ಪಿದ್ದರೆ ಪಕ್ಕಕ್ಕೆ ಕರೆದು ಹೇಳಿ.

ಪ್ರಶ್ನೆ ಕೇಳಿದವರು: ಒಬ್ಬರು ಇದೇ ಹುದ್ದೆಗೆ ಕಾಯುತ್ತಿದ್ದರು. ಅವರ ಜೊತೆ?

ಉತ್ತರ 1: ಅವರ ಜೊತೆ ಮೊದಲು ಮಾತಾಡಿ. ಬೇಸರ ಸಹಜ ಅಲ್ವಾ. ಮುಂದೆ ಏನಾಗಬೇಕು ಅಂತ ನೇರವಾಗಿ ಕೇಳಿ, ಒಂದು ದೊಡ್ಡ ಕೆಲಸ ಪೂರ್ತಿ ಅವರ ಕೈಗೇ ಕೊಡಿ.