ಅಪ್‌ಡೇಟ್: ಕಸ್ಟಮರ್ ಸರ್ವಿಸ್ ರೆಸ್ಯೂಮೆ ಕೆಲಸ ಮಾಡಿತು, ಆಫರ್ ಬಂತು

ಅಂಗಡಿಯ ಬಿಲ್ಲಿಂಗ್ ಕೌಂಟರ್ ಬಿಟ್ಟರೆ ಬೇರೆ ಅನುಭವವಿಲ್ಲ, ಕಸ್ಟಮರ್ ಸರ್ವಿಸ್ ಕೆಲಸಕ್ಕೆ ರೆಸ್ಯೂಮೆ ಹೇಗೆ ಬರೆಯಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಂಟರ್‌ವ್ಯೂ ಆಯ್ತು, ಆಫರ್ ಲೆಟರ್ ಕೈಗೆ ಬಂದಿದೆ!

ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಗಿದ್ದು ಅನುಭವವನ್ನು ಬಿಡಿಸಿ ಬರೆದದ್ದು. ‘ಚೆನ್ನಾಗಿ ಮಾತಾಡಬಲ್ಲೆ’ ಅಂತ ಯಾರು ಬೇಕಾದರೂ ಬರೆಯಬಹುದು, ಅಲ್ವಾ? ಅದರ ಬದಲು ‘ದಿನಕ್ಕೆ ಸುಮಾರು 80 ಗ್ರಾಹಕರ ಬಿಲ್ಲಿಂಗ್, ರಿಟರ್ನ್, ರೀಫಂಡ್ ದೂರುಗಳನ್ನು ಕೌಂಟರ್‌ನಲ್ಲೇ ಬಗೆಹರಿಸಿದ ಅನುಭವ’ ಅಂತ ಹಾಕಿದೆ. ಇಂಟರ್‌ವ್ಯೂನಲ್ಲಿ ಹೆಚ್ಚಿನ ಪ್ರಶ್ನೆಗಳು ಈ ಸಾಲಿನ ಮೇಲೆಯೇ ಬಂದವು. ಸಿಟ್ಟಾದ ಗ್ರಾಹಕರನ್ನು ಹೇಗೆ ಸಮಾಧಾನ ಮಾಡ್ತೀರಿ ಅಂತ ಕೇಳಿದರು. ನಿಜವಾಗಿ ನಡೆದದ್ದನ್ನೇ ಹೇಳಿದೆ. ಅದಕ್ಕೇ ಹೇಳ್ತೀನಿ, ಸುಮ್ನೆ ದೊಡ್ಡ ಅಂಕಿ ಹಾಕಬೇಡಿ. ಕೆದಕಿ ಕೇಳುತ್ತಾರೆ.

ಜಾಹೀರಾತಿನಲ್ಲಿರುವ ಪದಗಳನ್ನೇ ಬಳಸಿ ಎಂಬ ಸಲಹೆಯೂ ಸರಿ. ಅನೇಕ ಕಂಪನಿಗಳಲ್ಲಿ ರೆಸ್ಯೂಮೆಗಳನ್ನು ಮೊದಲು ಸಾಫ್ಟ್‌ವೇರ್ ಸೋಸುತ್ತದೆ. ಅವರು ‘ಚಾಟ್ ಸಪೋರ್ಟ್’ ಅಂದಿದ್ದು, ಅದು ನಿಮಗೆ ಗೊತ್ತಿದ್ದರೆ, ಅದೇ ಪದ ಹಾಕಿ. ಟೇಬಲ್, ಚಿತ್ರ ಬೇಡ. ಒಂದೇ ಪುಟ ಸಾಕು. ಆದರೆ ಗೊತ್ತಿರುವ ಭಾಷೆಗಳನ್ನು ಮೇಲ್ಗಡೆಯೇ ಬರೆಯಿರಿ, ಈ ಕೆಲಸಕ್ಕೆ ಅದು ದೊಡ್ಡ ಬಲ.

ಟ್ರೈನಿಂಗ್ ಮುಂದಿನ ವಾರ ಶುರು.