ಹಾಸನ ವಾಲಿಬಾಲ್ ಬಳಗ: ಎತ್ತರ ಹಾರೋದು, ಭಾರ ಎತ್ತೋದು, ಫಿಸಿಯೊ ಮೇಡಂನ ಕೇಳಿ

ಅಡ್ಮಿನ್: ಮೇಡಂ ಬಂದಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಸಕಲೇಶಪುರದ ಸ್ಪೈಕರ್: ನಮಸ್ತೆ ಮೇಡಂ. ನೆಟ್ 2.43 ಮೀಟರ್, ಹಾರಿದ್ರೆ ಅಂಗೈ ಮಾತ್ರ ಮೇಲೆ ಬರುತ್ತೆ. ದಿನಾ 200 ಸಲ ಹಾರ್ತೀನಿ. ಮೂರು ತಿಂಗಳಾಯ್ತು, ಒಂದಿಂಚೂ ಏರಿಲ್ಲ.

ಫಿಸಿಯೊ: 200 ಸಲ ಹಾರಿದ್ರೆ ದಮ್ಮು ಬರುತ್ತೆ, ಎತ್ತರ ಬರಲ್ಲ. ನೆಲಾನ ಎಷ್ಟು ಜೋರಾಗಿ, ಎಷ್ಟು ಬೇಗ ಒದೀತೀರಿ ಅನ್ನೋದೇ ಲೆಕ್ಕ. ಆ ಜೋರು ಭಾರ ಹೊತ್ತು ಕೂತೇಳೋ ಸ್ಕ್ವಾಟ್, ನೆಲದಿಂದ ಭಾರ ಎತ್ತೋ ಡೆಡ್‌ಲಿಫ್ಟಿಂದ ಬರುತ್ತೆ. ವಾರಕ್ಕೆ 2 ದಿನ, ಒಂದು ಸುತ್ತಿಗೆ 5 ಸಲದಂತೆ 3 ಸುತ್ತು, ಮಧ್ಯೆ 2–3 ನಿಮಿಷ ಸುಮ್ಮನೆ ಕೂತ್ಕೊಳ್ಳಿ. ಬೇರೆ 2 ದಿನ ಹಾರಾಟ, ಒಟ್ಟು 40 ಸಾಕು, ಆದ್ರೆ ಪ್ರತಿಯೊಂದಕ್ಕೂ ಪೂರ್ತಿ ಶಕ್ತಿ ಹಾಕಿ, ಕೈ ಬೀಸಿ. ಬೆರಳಿಗೆ ಸೀಮೆಸುಣ್ಣ ಹಚ್ಕೊಂಡು ಗೋಡೆ ಪಕ್ಕ ನಿಂತು ಒಂದು ಗುರುತು, ಹಾರಿ ಇನ್ನೊಂದು. ನಡುವಿನ ಅಂತರ ಬರೆದಿಟ್ಟು 6 ವಾರಕ್ಕೆ ಮತ್ತೆ ಅಳೀರಿ. ಇಳಿಯುವಾಗ ದಪ್ ಅಂತ ಸದ್ದಾದ್ರೆ ಹೊಡೆತ ಮಂಡಿಗೆ ಬೀಳ್ತಿದೆ ಅಂತ. ಬೆಕ್ಕಿನ ಹಾಗೆ ಇಳೀಬೇಕು.

ಎಪಿಎಂಸಿ ಅಣ್ಣ: 50 ಕೆಜಿ ಆಲೂಗಡ್ಡೆ ಮೂಟೆ ಎತ್ತುವಾಗ ಸೊಂಟ ಹಿಡ್ಕೊಳ್ಳುತ್ತೆ ಮೇಡಂ. ಬೆಲ್ಟ್ ತಗೊಳ್ಲಾ?

ಫಿಸಿಯೊ: ಮೊದಲು ಎತ್ತೋ ರೀತಿ ಸರಿಮಾಡ್ಕೊಳ್ಳಿ ಅಣ್ಣ. ಮೂಟೆ ಮೈಗೆ ಅಂಟ್ಕೊಂಡಿರ್ಲಿ. ಹೊಟ್ಟೆ ಬಿಗಿ ಹಿಡಿದು ಕಾಲಿಂದ ಏಳಿ. ಎತ್ತಿದ ಮೇಲೆ ಸೊಂಟ ತಿರುಚಬೇಡಿ, ಪಾದ ಇಟ್ಟು ತಿರುಗಿ. ನೋವು ಕಾಲಿಗೆ ಇಳಿದ್ರೆ ಬಂದು ತೋರಿಸಿ.

ಜಿಮ್ ಹುಡುಗ: ಜಿಮ್ಮಲ್ಲಿ ಬಲಕ್ಕೆ ಅಂತ ತಗೊಳ್ತಾರಲ್ಲ, ಆ ಕ್ರಿಯೇಟಿನ್ ಪುಡಿ ತಗೋಬಹುದಾ ಮೇಡಂ?

ಬೇಲೂರಿನ ತಾಯಿ: ಮೇಡಂ, ನನ್ನ ಮಗನಿಗೆ 14 ವರ್ಷ. ಮಂಡಿಚಿಪ್ಪಿನ ಕೆಳಗೆ ಗಂಟಿನ ಥರ ಉಬ್ಬಿದೆ, ಮುಟ್ಟಿದ್ರೆ ಅಮ್ಮಾ ಅಂತಾನೆ. ಬುಧವಾರ ಮ್ಯಾಚ್ ಇದೆ. ಪಟ್ಟಿ ಕಟ್ಕೊಂಡು ಆಡ್ಲಿ ಅಂದಿದ್ದಾರೆ ಅವರ ಸ್ಕೂಲಲ್ಲಿ.

ಫಿಸಿಯೊ: ಆಡಿಸಬೇಡಿ ಅಮ್ಮ, ಮೊದಲು ಇದನ್ನ ಓದಿ. ಈ ವಯಸ್ಸಲ್ಲಿ ಮೂಳೆ ಸರಸರ ಬೆಳೆಯುತ್ತೆ. ತೊಡೆ ಮುಂದಿನ ಸ್ನಾಯು ಮಂಡಿಚಿಪ್ಪು ದಾಟಿ ಕೆಳಗಿನ ಮೂಳೆಗೆ ಅಂಟ್ಕೊಳ್ಳೋ ಜಾಗ ಇನ್ನೂ ಎಳಸು. ಹಾರಿದಾಗಲೆಲ್ಲ ಸ್ನಾಯು ಅದನ್ನ ಜಗ್ಗುತ್ತೆ, ಜಾಗ ಊದಿ ನೋಯುತ್ತೆ. ಇದಕ್ಕೆ ಆಸ್‌ಗುಡ್-ಶ್ಲಾಟರ್ ಅಂತಾರೆ. ಹಾರೋ ಮಕ್ಕಳಲ್ಲಿ ಬಹಳ ನೋಡ್ತೀನಿ. ಹಾರಾಟ ಕಮ್ಮಿ ಮಾಡಿ, ಬಟ್ಟೆಯಲ್ಲಿ ಐಸ್ ಸುತ್ತಿ 10–15 ನಿಮಿಷ ಇಟ್ಟು, ಆಮೇಲೆ ನಿಧಾನಕ್ಕೆ ತೊಡೆ ಬಲ ಮಾಡ್ತೀವಿ. ಬೆಳವಣಿಗೆ ಮುಗಿಯೋ ಹೊತ್ತಿಗೆ ನೋವು ಸಾಮಾನ್ಯವಾಗಿ ಹೋಗುತ್ತೆ. ಆದ್ರೆ ಮಂಡಿ ನೋವೆಲ್ಲ ಇದೇ ಅಲ್ಲ. ನಾಲ್ಕು ವಿಷಯ ಹೇಳಿ: ನೋವು ಆಡಿದಾಗ ಮಾತ್ರವಾ, ಮಲಗಿದಾಗ್ಲೂ ಇದೆಯಾ? ಜ್ವರ ಬರುತ್ತಾ? ಕುಂಟ್ತಾನಾ? ತೂಕ ಇಳಿದಿದೆಯಾ?

ಚನ್ನರಾಯಪಟ್ಟಣದ ಅಂಕಲ್: ಫಾರ್ವರ್ಡ್: ಮಂಗರಬಳ್ಳಿ ಅರೆದು ಬಿಸಿಬಿಸಿ ಕಟ್ಟಿ. ಬೆಳಿಗ್ಗೆ 4 ಹಸಿ ಮೊಟ್ಟೆ ಕುಡಿದು, ಕಾಲಿಗೆ 2 ಕೆಜಿ ಮರಳು ಚೀಲ ಕಟ್ಕೊಂಡು 21 ದಿನ ಹಾರಿದ್ರೆ ಮಂಡಿ ಕಬ್ಬಿಣ ಆಗುತ್ತೆ!!

ಫಿಸಿಯೊ: ಊದಿರೋ ಮಂಡಿಗೆ ಮರಳು ಕಟ್ಟಿ ಹಾರಿಸಿದ್ರೆ ಆ ಎಳೆ ಜಾಗ ಕಿತ್ತೇ ಬರಬಹುದು. ಬಿಸಿ ಕಟ್ಟು ಹಾಕಿ ಚರ್ಮ ಸುಟ್ಕೊಂಡು ಬಂದವರಿಗೆ ನಾನೇ ಡ್ರೆಸ್ಸಿಂಗ್ ಮಾಡಿದ್ದೀನಿ. ಮೊಟ್ಟೆ ಬೇಯಿಸಿ ತಿನ್ನಿ, ಪ್ರೋಟೀನ್ ಹೆಚ್ಚು ದಕ್ಕುತ್ತೆ. ದಯವಿಟ್ಟು ಅದನ್ನ ಡಿಲೀಟ್ ಮಾಡಿ.

ಅರಕಲಗೂಡಿನ ಪಿಟಿ ಮೇಷ್ಟ್ರು: ಮಕ್ಕಳು ಭಾರ ಎತ್ತಿದ್ರೆ ಕುಳ್ಳಾಗ್ತಾರೆ ಅಲ್ವಾ ಮೇಡಂ?

ಫಿಸಿಯೊ: ಇಲ್ಲ. ಕಲಿಸೋರು ಎದುರಿಗಿದ್ದು, ಅಳತೆ ಮೀರದೆ ಎತ್ತಿಸಿದ್ರೆ ಬೆಳವಣಿಗೆ ನಿಲ್ಲಲ್ಲ.

ಜಿಮ್ ಹುಡುಗ: ನಮ್ಮ ಕುಂದಾಪುರದ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ತಂದ್ರು. ಭಾರ ಎತ್ತಬೇಡಿ ಅಂತ ಹೇಳ್ಕೊಟ್ಟಿದ್ರೆ ಬರ್ತಿತ್ತಾ ಸರ್?

ಪಿಟಿ ಮೇಷ್ಟ್ರು: 20 ವರ್ಷದಿಂದ ಮಕ್ಕಳನ್ನ ಆಡಿಸ್ತಿದ್ದೀನಪ್ಪಾ. ನನ್ನ ಕಾಲದಲ್ಲಿ ಬಸ್ಕಿ, ದಂಡ ಸಾಕಾಗಿತ್ತು.

ಜಿಮ್ ಹುಡುಗ: ಬಸ್ಕೀನೂ ಸ್ಕ್ವಾಟೇ ಸರ್. ಹೆಗಲ ಮೇಲೆ ಭಾರ ಇಲ್ಲ ಅಷ್ಟೇ.

ಪಿಟಿ ಮೇಷ್ಟ್ರು: ದೊಡ್ಡವರ ಹತ್ರ ಮಾತಾಡೋ ರೀತಿ ಕಲಿ ಮೊದಲು.

ಆಲೂರಿನ ಕಬಡ್ಡಿ ಆಟಗಾರ: ವೆಯ್ಟ್ ಎತ್ತಿದ್ರೆ ಹೈಟ್ ನಿಲ್ಲುತ್ತಾ ಮೇಡಂ?

ಫಿಸಿಯೊ: ಇಲ್ಲ. ಮೇಲೆ ಓದಿ.

ಅಂಕಲ್: ನಮ್ಮಜ್ಜ ಮಂಗರಬಳ್ಳಿ ಹಾಕ್ಕೊಂಡೇ 90 ವರ್ಷ ಇದ್ರು. ನೀವು ಇಂಗ್ಲಿಷ್ ಓದಿದವರು ಎಲ್ಲಾನೂ ಅಲ್ಲಗಳೀತೀರಿ.

ಅಡ್ಮಿನ್: ಅಂಕಲ್, ಮೇಷ್ಟ್ರೇ, ಸಾಕು.

ಜಿಮ್ ಹುಡುಗ: ಮೇಡಂ, ಕ್ರಿಯೇಟಿನ್??

ಅರಸೀಕೆರೆಯ ಹುಡುಗಿ: ಹುಡುಗೀರ್ಗೆ ನೆಟ್ 2.24 ಇರುತ್ತೆ. ನಾವೂ ಇದೇ ಸ್ಕ್ವಾಟ್ ಮಾಡ್ಬೇಕಾ?

ಫಿಸಿಯೊ: ಹೌದು. ಇಳಿಯುವಾಗ ಮಂಡಿ ಒಳಗೆ ವಾಲದ ಹಾಗೆ ನೋಡ್ಕೋ. ಬೇಲೂರಿನ ಅಮ್ಮ, ಉತ್ತರ ಕೊಡ್ಲಿಲ್ಲ ನೀವು.

ಪಿಟಿ ಮೇಷ್ಟ್ರು: ಬೆಳೆಯೋ ಮಕ್ಕಳಿಗೆ ಮಂಡಿ ನೋವು ಬರೋದೇ. ಸುಮ್ಮನೆ ಹೆದರಿಸ್ತಿದ್ದೀರಿ ತಾಯೀನ.

ಫಿಸಿಯೊ: ಮೇಷ್ಟ್ರೇ, ಹುಡುಗನ್ನ ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಅವರು ಹೇಳೋ ತನಕ ತಡೀರಿ.

ಬೇಲೂರಿನ ತಾಯಿ: ಅಡುಗೆಮನೇಲಿದ್ದೆ ಮೇಡಂ. ಜ್ವರ ಇಲ್ಲ. ಸ್ವಲ್ಪ ಕುಂಟ್ತಾನೆ, ಬಲಗಾಲು ಒಂದೇ. ಎರಡು ವಾರದಿಂದ ರಾತ್ರಿ ನಿದ್ದೆಯಿಂದ ಎದ್ದು ಮಂಡಿ ಹಿಡ್ಕೊಂಡು ಕೂತಿರ್ತಾನೆ. ನಾನು ಎಣ್ಣೆ ತಿಕ್ಕಿ ಮಲಗಿಸ್ತೀನಿ. ಯೂನಿಫಾರ್ಮ್ ಪ್ಯಾಂಟ್ ಸಡಿಲ ಆಗಿದೆ.

ಫಿಸಿಯೊ: ತಿಕ್ಕೋದು ಇವತ್ತೇ ನಿಲ್ಲಿಸಿ. ಪಟ್ಟಿ ಬೇಡ, ಮ್ಯಾಚ್ ಬೇಡ. ನಾಳೆ ಬೆಳಿಗ್ಗೆ ಮೂಳೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಎಕ್ಸ್-ರೇ ಮಾಡಿಸಿ. ರಾತ್ರಿ ಎಬ್ಬಿಸೋ ನೋವು, ತೂಕ ಇಳಿದಿರೋದು, ಇವೆರಡನ್ನೂ ನೀವೇ ಬಾಯಿಬಿಟ್ಟು ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ. ಏನೂ ಇಲ್ಲದೆಯೂ ಇರಬಹುದು, ಆದ್ರೆ ಫೋನಲ್ಲಿ ಕೂತು ಹಾಗಂತ ನಾನು ಹೇಳೋಕಾಗಲ್ಲ. ಈಗಲೇ ನನಗೆ ಕಾಲ್ ಮಾಡಿ.

ಜಿಮ್ ಹುಡುಗ: ಮೇಡಂ, ನನ್ನ ಪ್ರಶ್ನೆ?

ಅಡ್ಮಿನ್: ಮೇಡಂ ಫೋನಲ್ಲಿದ್ದಾರೆ. ಗ್ರೂಪ್ ಕ್ಲೋಸ್ ಮಾಡ್ತಿದ್ದೀನಿ.