ಲ್ಯಾಡರ್‌ನಲ್ಲಿ ಗೆದ್ದವರು ಮೇಲೆ ಹೋದರೆ ನಡುವೆ ಇರುವವರ ಕಥೆ ಏನು?

ಹೊಸರಾಕೆಟ್:
ನಾವು 14 ಜನ ಬ್ಯಾಡ್ಮಿಂಟನ್ ಆಡುತ್ತೇವೆ. ನಾಕೌಟ್ ಇಟ್ಟರೆ ಇಬ್ಬರು ಆಡದೆಯೇ ಎರಡನೇ ಸುತ್ತಿಗೆ, ಉಳಿದ 12ರಲ್ಲಿ 6 ಜನ ಮೊದಲ ಸುತ್ತಿಗೇ ಔಟ್. ಎಲ್ಲರೂ ಎಲ್ಲರ ಜೊತೆ ಆಡಬೇಕು ಅಂದರೆ 91 ಮ್ಯಾಚ್, ಅದು ಮುಗಿಯುವ ಮಾತಲ್ಲ. ಅದಕ್ಕೇ ಲ್ಯಾಡರ್ ಶುರು ಮಾಡಿದೆವು, ಅಂದರೆ ಎಲ್ಲರ ಹೆಸರೂ ಒಂದರ ಕೆಳಗೊಂದು ಪಟ್ಟಿಯಲ್ಲಿ, ಕೆಳಗಿನವರು ಮೇಲಿನವರಿಗೆ ಸವಾಲು ಹಾಕಿ ಗೆದ್ದರೆ ಮೇಲೇರುತ್ತಾರೆ. ಮೊನ್ನೆ 9ನೇ ಜಾಗದವರು 6ನೇ ಜಾಗದವರನ್ನು ಸೋಲಿಸಿದರು, ಅಲ್ಲಿಂದ ವಾದ ಶುರು. ಇಬ್ಬರೂ ಜಾಗ ಅದಲುಬದಲು ಮಾಡಿಕೊಳ್ಳಬೇಕಾ, ಇಲ್ಲ ಗೆದ್ದವರು 6ಕ್ಕೆ ಹೋಗಿ ಉಳಿದವರು ಒಂದೊಂದು ಮೆಟ್ಟಿಲು ಇಳಿಯಬೇಕಾ? ನಾನಿರುವುದು 7ರಲ್ಲಿ, ಅದಕ್ಕೇ ಇಷ್ಟು ಕಾಳಜಿ :)

ಎಡಗೈ_ಆಟ:
ಎರಡೂ ರೂಢಿಯಲ್ಲಿವೆ. ಅದಲುಬದಲು ಮಾಡಿದರೆ ಲೆಕ್ಕ ಸುಲಭ, ಆದರೆ ಒಂದು ಕೆಟ್ಟ ದಿನಕ್ಕೆ 6ನೆಯವರು ಸೀದಾ 9ಕ್ಕೆ ಬೀಳುತ್ತಾರೆ. ಇಳಿಸುವ ಪದ್ಧತಿಯಲ್ಲಿ ಅವರು 7ಕ್ಕೆ ಬರುತ್ತಾರೆ, ನೀವು ಆಡದೆಯೇ 8ಕ್ಕೆ. ನಿಮಗೆ ಹೊಟ್ಟೆ ಉರಿಯುತ್ತೆ, ನಿಜ. ಆದರೂ ನನ್ನ ಓಟು ಇದಕ್ಕೇ. ಸುಮ್ನೆ ಕೂತರೆ ಜಾಗ ಜಾರುತ್ತೆ ಅಂತ ಗೊತ್ತಾದರೆ ಜನ ಆಡೋಕೆ ಬರುತ್ತಾರೆ. ಎಷ್ಟು ಮೆಟ್ಟಿಲು ಮೇಲಿನವರಿಗೆ ಸವಾಲು ಹಾಕಬಹುದು ಅಂತಲೂ ಬರೆದಿಡಿ, ಎರಡು ಇಲ್ಲ ಮೂರು ಸಾಕು, ಇಲ್ಲದಿದ್ದರೆ ಎಲ್ಲರೂ 1ನೆಯವರ ಹಿಂದೆಯೇ ಬೀಳುತ್ತಾರೆ.

ಸ್ಕ್ವಾಷ್_ಹುಚ್ಚು:
ಈ ಜಗಳಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ನಮ್ಮಲ್ಲಿ ಮೇಲಿನ ಇಬ್ಬರು ಸವಾಲು ಬಂದಾಗಲೆಲ್ಲ "ಮುಂದಿನ ವಾರ ನೋಡೋಣ" ಅಂತ ಹೇಳಿಯೇ ಮೂರು ತಿಂಗಳು ಮೇಲೆ ಕೂತಿದ್ದರು, ಕೆಳಗಿನವರು ಬೇಸತ್ತು ಕೇಳುವುದನ್ನೇ ಬಿಟ್ಟರು, ಲ್ಯಾಡರ್ ಅಲ್ಲಿಗೇ ಸತ್ತಿತು. ಗಡುವು ಹಾಕಿ. ಹತ್ತು ದಿನದಲ್ಲಿ ಆಡದಿದ್ದರೆ ಸೋತ ಹಾಗೆ. ಗಾಯ ಆದವರ ಹೆಸರನ್ನು ಸ್ವಲ್ಪ ದಿನ ಪಕ್ಕಕ್ಕೆ ಇಡಿ. ಸೋತವರು ಮರುದಿನವೇ ಅದೇ ವ್ಯಕ್ತಿಗೆ ಮತ್ತೆ ಸವಾಲು ಹಾಕುವ ಹಾಗಿಲ್ಲ, ಮಧ್ಯೆ ಬೇರೆಯವರ ಜೊತೆ ಒಂದು ಮ್ಯಾಚ್ ಆಡಿರಬೇಕು.

ಸವಾಲು ಹಾಕೋಕೆ ಸಂಕೋಚಪಡುವವರು ಜಾಸ್ತಿ ಇದ್ದರೆ ಸ್ಕ್ವಾಷ್‌ನಲ್ಲಿ ಮಾಡುವ ಬಾಕ್ಸ್ ಲೀಗ್ ನೋಡಿ. 5, 5, 4 ಅಂತ ಮೂರು ಗುಂಪು. ತಿಂಗಳಲ್ಲಿ ಗುಂಪಿನೊಳಗೆ ಎಲ್ಲರೂ ಎಲ್ಲರ ಜೊತೆ ಆಡಬೇಕು, ಒಟ್ಟು 26 ಮ್ಯಾಚ್. ಮೊದಲು ಬಂದವರು ಮೇಲಿನ ಗುಂಪಿಗೆ, ಕೊನೆಯವರು ಕೆಳಗಿನದಕ್ಕೆ.

ಲೆಕ್ಕದವನು:
ಚೆಸ್ ತರಹ ಎಲೋ ರೇಟಿಂಗ್, ಅಂದರೆ ಪ್ರತಿಯೊಬ್ಬರ ಬಲಕ್ಕೂ ಒಂದು ಅಂಕ, ಇಡಬಹುದಲ್ವಾ? ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ 1970ರಿಂದ ಅದನ್ನೇ ಬಳಸುತ್ತಿದೆ. ಬಲವಾದವರನ್ನು ಸೋಲಿಸಿದರೆ ಜಾಸ್ತಿ ಅಂಕ, ನಡುವಿನವರ ಅಂಕಕ್ಕೆ ಏನೂ ಆಗಲ್ಲ.

ಸ್ಕ್ವಾಷ್_ಹುಚ್ಚು:
ಅಂಕ ಉಳಿಸಿಕೊಳ್ಳೋಕೆ ಆಡದೇ ಕೂರುವವರು ಅಲ್ಲೂ ಇರುತ್ತಾರೆ ಮಾರಾಯ. ಅಲ್ಲದೆ 14 ಜನಕ್ಕೆ ಗೋಡೆ ಮೇಲೆ ಒಂದು ಚೀಟಿ ಸಾಕು.

ಹೊಸರಾಕೆಟ್:
ಸರಿ, ಇಳಿಸುವ ಪದ್ಧತಿ, ಮೂರು ಮೆಟ್ಟಿಲು, ಹತ್ತು ದಿನ. ನಾನು 8ಕ್ಕೆ ಇಳಿದೆ. 5ರವರಿಗೆ ಈಗಲೇ ಮೆಸೇಜ್ ಹಾಕಿದ್ದೇನೆ.